ಔಷಧದಾನ ಮತ್ತು ರಾತ್ರಿಯ ಗುಳಿಗೆ

ನನ್ನ ತಾಯಿಯವರು ಐವತ್ತು ವರ್ಷಗಳಿಂದ ಸೂರ್ಯಾಸ್ತದ ಅನಂತರ ಬಾಯಿಗೆ ಏನನ್ನೂ ಹಾಕಿದವರಲ್ಲ. ನೀರಿಗೂ ಔಷಧಕ್ಕೂ ಅವಕಾಶವಿರಿಸಿಕೊಂಡು ರಾತ್ರಿಭೋಜನತ್ಯಾಗದ ನಿಯಮ ಸ್ವೀಕರಿಸುವವರು ನಮ್ಮಲ್ಲಿ ಬಹಳ ಮಂದಿ. ತಾಯಿಯವರದು ಹಾಗಲ್ಲ, ಅವರು ಚತುರ್ವಿಧ ಆಹಾರವನ್ನೂ ತ್ಯಜಿಸಿದವರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೈರನ್ ತಪ್ಪಿದರೂ ಇವಳ ನಿಯಮ ತಪ್ಪದು ಎಂದು ತಂದೆಯವರು ನಗುತ್ತಿದ್ದುದುಂಟು.

ಎರಡು ವರ್ಷಗಳ ಹಿಂದೆ, ಜ್ಯೇಷ್ಠ ಮಾಸದಲ್ಲಿ, ಅವರಿಗೆ ಮೂತ್ರದ ಸೋಂಕಿನಿಂದ ಚಳಿಜ್ವರ ಬಂದಿತು. ಮೊದಲ ತಪ್ಪು ನನ್ನದೇ. ನಾನು ಸದಸ್ಯನಾಗಿರುವ ಒಂದು ಟ್ರಸ್ಟಿನ ಔಷಧದಾನದ ಕಪಾಟಿನಲ್ಲಿ ಯಾರೋ ಕೊಟ್ಟುಹೋದ ಆಂಟಿಬಯೋಟಿಕ್ ಗುಳಿಗೆಗಳ ಅರ್ಧ ಸ್ಟ್ರಿಪ್ ಇತ್ತು. ಅದನ್ನು ತಂದು ಎರಡು ದಿನ ಕೊಟ್ಟೆನು. ಜ್ವರ ಇಳಿಯಿತು, ಗುಳಿಗೆಯೂ ಮುಗಿಯಿತು. ನಾಲ್ಕನೆಯ ದಿನ ಜ್ವರ ಇಮ್ಮಡಿಯಾಗಿ ಮರಳಿದಾಗ ಶಿವಮೊಗ್ಗಕ್ಕೆ ಕರೆದೊಯ್ದು ಆಸ್ಪತ್ರೆಯೊಂದಕ್ಕೆ ಸೇರಿಸಿದೆವು.

ವಾರ್ಡಿನ ಸಿಸ್ಟರ್ ಕೇಳಿದ ಮೊದಲ ಪ್ರಶ್ನೆ: “ಇಲ್ಲಿಗೆ ಬರುವ ಮೊದಲು ಏನಾದರೂ ಗುಳಿಗೆ ಕೊಟ್ಟಿದ್ದೀರಾ ಸಾರ್?” ನಾನು ಇಲ್ಲವೆಂದೆ. ಅವರು ನನ್ನನ್ನು ಬಿಟ್ಟು ತಾಯಿಯವರನ್ನು ಕೇಳಿದರು. ಸತ್ಯಾಣುವ್ರತದ ತಾಯಿ ಎಲ್ಲವನ್ನೂ ಹೇಳಿಬಿಟ್ಟರು. ಸಿಸ್ಟರ್ ನನ್ನನ್ನು ಆಕ್ಷೇಪಿಸಲಿಲ್ಲ. ಕೇಸ್ ಶೀಟಿನಲ್ಲಿ ಬರೆದುಕೊಂಡರು. ಅಷ್ಟರಲ್ಲಿ ವೈದ್ಯರು ಇಂಜೆಕ್ಷನ್ ಬರೆದಾಗಿತ್ತು. ಬೇಗ ಕೊಡಿ ಎಂದು ನಾನು ಅವಸರಪಡಿಸಿದರೂ ಅವರು ಮೊದಲು ರಕ್ತವನ್ನೂ ಮೂತ್ರವನ್ನೂ ಕಲ್ಚರ್ ಪರೀಕ್ಷೆಗೆ ತೆಗೆದರು. “ಹತ್ತು ನಿಮಿಷ ಸಾರ್. ಔಷಧ ಒಳಗೆ ಹೋದಮೇಲೆ ತೆಗೆದರೆ ಕ್ರಿಮಿ ಬೆಳೆಯುವುದೇ ಇಲ್ಲ. ಯಾವ ಕ್ರಿಮಿ ಎಂದು ಗೊತ್ತಾಗದೆ ದೊಡ್ಡ ಔಷಧವನ್ನೇ ಕೊಡುತ್ತಾ ಹೋಗಬೇಕಾಗುತ್ತದೆ” ಎಂದರು. ನಾನು ಕೊಟ್ಟಿದ್ದ ಅರ್ಧ ಸ್ಟ್ರಿಪ್ಪೂ ಅದೇ ಅಡ್ಡಿಯನ್ನು ತಂದೊಡ್ಡಬಹುದಾಗಿತ್ತು. ಪುಣ್ಯವಶಾತ್ ಹಾಗಾಗಲಿಲ್ಲ.

ಔಷಧವನ್ನು ಬರೆಯುವವರು ವೈದ್ಯರು. ಆದರೆ ಅವರು ರೋಗಿಯ ಬಳಿ ನಿಲ್ಲುವುದು ದಿನಕ್ಕೆ ಕೆಲವೇ ನಿಮಿಷ. ಮಿಕ್ಕ ಹೊತ್ತೆಲ್ಲ ಅಲ್ಲಿರುವುದು ದಾದಿಯರ ಕೈ ಮತ್ತು ಕಣ್ಣು. ಆರು ದಿನ ನಾನು ಆ ಕೈಗಳನ್ನು ನೋಡುತ್ತ ಕುಳಿತಿದ್ದೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮುನ್ನ ಪ್ರತಿ ಸಲವೂ ಕೈ ತೊಳೆಯುವುದು. ಹಿಂದೆ ಯಾವ ಔಷಧಕ್ಕಾದರೂ ಮೈಮೇಲೆ ದದ್ದು ಎದ್ದಿತ್ತೇ ಎಂದು ವಿಚಾರಿಸುವುದು. ಮೂತ್ರದ ನಳಿಕೆ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ ಎರಡನೆಯ ದಿನವೇ ತೆಗೆಸುವುದು (ಆ ನಳಿಕೆಯೇ ಹೊಸ ಸೋಂಕಿನ ದಾರಿಯಂತೆ). ಎತ್ತುವಾಗಲೂ ಇಡುವಾಗಲೂ ನೋಡಿ ಮಾಡಬೇಕೆನ್ನುವ ಆದಾನನಿಕ್ಷೇಪಣ ಸಮಿತಿಯನ್ನು ಪ್ರವಚನದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಕಣ್ಣಾರೆ ಕಂಡದ್ದು ಆ ವಾರ್ಡಿನಲ್ಲಿ.

ಮೂರನೆಯ ದಿನ ಪರೀಕ್ಷೆಯ ವರದಿ ಬಂದಿತು. ಜ್ವರವೂ ಇಳಿದಿತ್ತು. ಇಂಜೆಕ್ಷನ್ ನಿಲ್ಲಿಸಿ, ಎಂಟು ಗಂಟೆಗೊಂದರಂತೆ ಗುಳಿಗೆ ಕೊಡಬೇಕೆಂದು ವೈದ್ಯರು ಬರೆದರು. ಎಂಟು ಗಂಟೆಗೊಂದು ಎಂದರೆ ರಾತ್ರಿ ಹತ್ತಕ್ಕೊಂದು! ಆ ರಾತ್ರಿ ತಾಯಿಯವರು ಗುಳಿಗೆಯನ್ನು ಕೈಯಲ್ಲಿ ಈಸಿಕೊಂಡು, ಸಿಸ್ಟರ್ ಅತ್ತ ತಿರುಗಿದೊಡನೆ ದಿಂಬಿನ ಕೆಳಗೆ ಸೇರಿಸಿದರು. ನಾನು ನೋಡಿಯೂ ಸುಮ್ಮನಿದ್ದೆ. ಬೆಳಿಗ್ಗೆ ಹಾಸಿಗೆ ಬದಲಿಸುವಾಗ ಗುಳಿಗೆ ಉರುಳಿಬಿದ್ದಿತು.

ನಾನು ಕೂಡಲೇ ಹೇಳಿದೆ: “ಇಂಜೆಕ್ಷನ್ನನ್ನೇ ಮುಂದುವರಿಸಿ ಸಿಸ್ಟರ್, ಎಷ್ಟಾದರೂ ಖರ್ಚಾಗಲಿ.” ರಕ್ತನಾಳಕ್ಕೆ ಹೋಗುವುದು ಆಹಾರವಲ್ಲ, ವ್ರತಕ್ಕೆ ಭಂಗವಿಲ್ಲ ಎಂಬುದು ನನ್ನ ತರ್ಕ. ಸಿಸ್ಟರ್ ಗುಳಿಗೆಯನ್ನು ಬದಿಗಿಟ್ಟು ತಾಯಿಯವರ ಪಕ್ಕದಲ್ಲಿ ಕುಳಿತರು. “ಅಜ್ಜಿ, ನಿಮ್ಮ ನೇಮ ಏನೆಂದು ಸರಿಯಾಗಿ ಹೇಳಿ” ಎಂದರು. ಎಲ್ಲವನ್ನೂ ಕೇಳಿಕೊಂಡು ನನ್ನತ್ತ ತಿರುಗಿ, “ಕೈಯಲ್ಲಿ ಸೂಜಿ ಇದ್ದಷ್ಟು ದಿನವೂ ಅಲ್ಲಿಂದ ಸೋಂಕು ಒಳಗೆ ಹೋಗುವ ಭಯ ಇದ್ದೇ ಇದೆ ಸಾರ್. ಈ ಇಂಜೆಕ್ಷನ್ ನಾಳೆ ಇನ್ನೊಬ್ಬರ ಪ್ರಾಣ ಉಳಿಸಬೇಕಾದದ್ದು. ಬೇಡದ ಕಡೆ ಬಳಸಿದರೆ ಅದೂ ಕೆಲಸ ಮಾಡದಂತಾಗುತ್ತದೆ” ಎಂದರು. ಆಮೇಲೆ ಅದೇ ವರದಿಯನ್ನು ಹಿಡಿದು ವೈದ್ಯರ ಬಳಿ ಹೋದರು. ಆ ಕ್ರಿಮಿ ಹಳೆಯ ಸೆಪ್ಟ್ರಾನ್ ಗುಳಿಗೆಗೂ ಮಣಿಯುತ್ತದೆಂದು ವರದಿಯಲ್ಲಿತ್ತು. ಅದನ್ನು ಹನ್ನೆರಡು ಗಂಟೆಗೊಮ್ಮೆ ಕೊಟ್ಟರೆ ಸಾಕು. ಜ್ಯೇಷ್ಠದಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಏಳು ಗಂಟೆಯ ಸುಮಾರಿಗೆ. ಬೆಳಿಗ್ಗೆ ಆರೂವರೆ, ಸಂಜೆ ಆರೂವರೆ ಎಂದು ನಿಶ್ಚಯವಾಯಿತು. ಔಷಧದ ಚೀಟಿಯ ಮೇಲೆ ಸಿಸ್ಟರ್ ತಾವೇ “ಸೂರ್ಯಾಸ್ತಕ್ಕೆ ಮುಂಚೆ” ಎಂದು ಬರೆದರು. ಪುಷ್ಯಮಾಸವಾಗಿದ್ದರೆ ಲೆಕ್ಕ ಇಷ್ಟು ಸುಲಭವಾಗುತ್ತಿರಲಿಲ್ಲ.

ಅವರು ಕೇಳದೆ ಇದ್ದಿದ್ದರೆ ತಾಯಿಯವರು ದಿನವೂ ಒಂದೊಂದು ಗುಳಿಗೆ ಬಿಡುತ್ತಿದ್ದರು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಾರಿತೋಷಕ ಪಡೆದಾಗ ಮಾಡಿದ ಉಪನ್ಯಾಸದಲ್ಲಿಯೇ ಈ ಅಪಾಯವನ್ನು ಹೇಳಿದ್ದರು. ಸಾಲದಷ್ಟು ಔಷಧ ಕ್ರಿಮಿಗಳನ್ನು ಕೊಲ್ಲದೆ ಅವಕ್ಕೆ ಎದುರಿಸುವ ಶಕ್ತಿಯನ್ನು ಕಲಿಸುತ್ತದೆ. 2019ರ ಒಂದೇ ವರ್ಷದಲ್ಲಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕ್ರಿಮಿಯನ್ನು ಕೊಲ್ಲುವ ಔಷಧ ಸೇವಿಸುವುದೇ ಹಿಂಸೆಯಲ್ಲವೇ ಎಂದು ನಮ್ಮ ಸ್ವಾಧ್ಯಾಯದಲ್ಲಿ ಒಮ್ಮೆ ಪ್ರಶ್ನೆ ಬಂದಿತ್ತು. ಗೃಹಸ್ಥನು ಪ್ರಾಣರಕ್ಷಣೆಗಾಗಿ ಸೇವಿಸುವ ಔಷಧದ ಮಾತು ಬೇರೆ. ಪ್ರಯೋಜನವೇ ಇಲ್ಲದ ಹಿಂಸೆಗೆ ಅನರ್ಥದಂಡವೆಂದು ಹೆಸರಿಟ್ಟು, ಅದನ್ನು ಬಿಡುವುದನ್ನು ಶ್ರಾವಕನ ಗುಣವ್ರತಗಳಲ್ಲಿ ಸೇರಿಸಿದ್ದಾರೆ. ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಮಂಗಗಳಲ್ಲಿ ಪತ್ತೆಯಾದ ಮಂಗನಕಾಯಿಲೆ ವೈರಸ್ಸಿನಿಂದ ಬರುವುದು. ಆ ವೈರಸ್ಸಿನ ಮೇಲೆ ಆಂಟಿಬಯೋಟಿಕ್ ಏನನ್ನೂ ಮಾಡದು. ಹೊಟ್ಟೆಯಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳನ್ನು ಮಾತ್ರ ನಾಶಮಾಡೀತು. ಅಂಥ ಜ್ವರದಲ್ಲಿ ರೋಗಿಯನ್ನು ಕಾಯುವುದು ಹಗಲಿರುಳಿನ ಶುಶ್ರೂಷೆ, ಅಂದರೆ ಅಭ್ಯಂತರ ತಪಗಳಲ್ಲಿ ಎಣಿಸಿರುವ ವೈಯಾವೃತ್ತ್ಯವೇ. ಅದು ಸಾಧುಗಳ ಸೇವೆಗೆ ಹೇಳಿದ ಮಾತು ಎಂದು ಪಂಡಿತರು ತಿದ್ದಬಹುದು. ತಿದ್ದಲಿ.

ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧದಾನವನ್ನೂ ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ದಾನದ ಫಲ ವಿಧಿ, ದ್ರವ್ಯ, ದಾತೃ, ಪಾತ್ರಗಳನ್ನು ಅನುಸರಿಸಿ ಬೇರೆಬೇರೆಯಾಗುತ್ತದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ನಮ್ಮ ಕಪಾಟಿನಲ್ಲಿ ದ್ರವ್ಯವಿತ್ತು, ವಿಧಿ ಇರಲಿಲ್ಲ. 2014ರ ಮಾರ್ಚಿನಿಂದ ಔಷಧದ ಅಂಗಡಿಯವರು ಎಚ್1 ಪಟ್ಟಿಯಲ್ಲಿರುವ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿ ನೋಡಿಯೇ ಕೊಟ್ಟು, ಪುಸ್ತಕದಲ್ಲಿ ಬರೆದಿಡಬೇಕೆಂಬ ಕಟ್ಟಳೆ ಇದೆ. ನಮ್ಮಲ್ಲಿ ಪುಸ್ತಕವೂ ಇಲ್ಲ, ಚೀಟಿಯೂ ಇಲ್ಲ. ಕಪಾಟಿನ ಬೀಗದ ಕೈ ಮಾತ್ರ ನನ್ನ ಬಳಿ.

ನಮ್ಮ ಕೋರಿಕೆಯಂತೆ ಆ ಸಿಸ್ಟರ್ ಒಂದು ರಜೆಯ ದಿನ ಬಂದು ಕಪಾಟನ್ನು ನೋಡಿದರು. ಅರ್ಧ ಮುಗಿದ ಆಂಟಿಬಯೋಟಿಕ್ ಸ್ಟ್ರಿಪ್ಪುಗಳೇ ಎರಡು ಚೀಲದಷ್ಟಾದವು. ಅವನ್ನು ಚರಂಡಿಗೆ ಸುರಿಯಬಾರದು, ಅಲ್ಲಿಯೂ ಕ್ರಿಮಿಗಳು ಔಷಧಕ್ಕೆ ಒಗ್ಗಿಕೊಳ್ಳುತ್ತವೆ ಎಂದು ಹೇಳಿ, ಆಸ್ಪತ್ರೆಯ ತ್ಯಾಜ್ಯದೊಡನೆ ಸುಡಲು ಕಳುಹಿಸಿಕೊಟ್ಟರು. ಈಗ ಅಲ್ಲಿ ಉಳಿದಿರುವುದು ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜು, ಥರ್ಮಾಮೀಟರು. ಚೀಟಿ ತಂದ ಬಡವರಿಗೆ ಪೂರ್ತಿ ಅವಧಿಯ ಔಷಧವನ್ನು ಅಂಗಡಿಯಿಂದಲೇ ಕೊಡಿಸಿ, ಹಣವನ್ನು ಟ್ರಸ್ಟು ಭರಿಸುತ್ತದೆ. ಇದಕ್ಕೆ ಖರ್ಚು ಹೆಚ್ಚು. ದಾನವಾಗಿ ಬಂದ ಔಷಧವನ್ನು ಸುಡಿಸಿದ್ದು ಸರಿಯೇ ಎಂದು ಹಿರಿಯ ಸದಸ್ಯರೊಬ್ಬರು ಮುನಿಸಿಕೊಂಡಿದ್ದಾರೆ. ಮುಂದಿನ ಸಭೆಯಲ್ಲಿ ಆ ವಿಷಯ ಮತ್ತೆ ಚರ್ಚೆಗೆ ಬರಲಿದೆ.