ಮಾವನ ಲ್ಯಾಪ್‌ಟಾಪ್

ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೋದಾಗ ಸೋದರಮಾವ ತಮ್ಮ ಹಳೆಯ ಲ್ಯಾಪ್‌ಟಾಪ್ ಮುಂದಿಟ್ಟರು. 2 ಜಿಬಿ ರ‍್ಯಾಮ್, ವಿಂಡೋಸ್ 7. ಗುಂಡಿ ಒತ್ತಿ ಚಹಾ ಕುಡಿದು ಬಂದರೂ ತೆರೆದಿರಲಿಲ್ಲ. ‘ಹೊಸಾದು ಬ್ಯಾಡ, ಇದನ್ನ ಸರಿಮಾಡಿ ಕೊಡು’ ಅಂದರು.

ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿದೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಗೆ ಕನಿಷ್ಠವೇ 2 ಜಿಬಿ ಬೇಕು. ಹಾಗಾಗಿ ಇನ್ನೂ ಹಗುರಾದ ಲುಬುಂಟು ಆರಿಸಿ, ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಚಲಾಯಿಸಿದೆ. ಸರಾಗವಾಗಿ ಓಡಿತು. ನಾನು ಒಳಗೇ ಬೀಗಿದೆ.

ಮಾವ ತಮ್ಮ ಫೈಲೊಂದನ್ನು ತೆರೆದರು. ಅತ್ತೆ ತೀರಿಕೊಂಡ ಮೇಲೆ ಬರೆದಿಟ್ಟ ನೆನಪುಗಳು. ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ.

‘ಎಲ್ಲಾ ಹೋತೇನು?’

ಹೋಗಿರಲಿಲ್ಲ. ಅವರು ಬಳಸಿದ್ದ ನುಡಿ ಫಾಂಟು ಯೂನಿಕೋಡ್‌ಗಿಂತ ಹಿಂದಿನ ಬಗೆಯದು. ವಿಂಡೋಸ್ ಫೋಲ್ಡರಿನಿಂದ ಆ ಫಾಂಟನ್ನು ನಕಲಿಸಿದೆ, ಕನ್ನಡ ಮರಳಿತು. ಅವರ ಬೆರಳಿಗೆ ರೂಢಿಯಾಗಿದ್ದ ಕೆಜಿಪಿ ಕೀಲಿಮಣೆ ವಿನ್ಯಾಸವೂ ಲಿನಕ್ಸ್‌ನಲ್ಲಿ ಸಿಕ್ಕಿತು. ಎಲ್ಲ ಫೈಲುಗಳ ಪ್ರತಿ ಬೇರೆ ಡ್ರೈವ್‌ಗೆ ತೆಗೆದಿಟ್ಟ ಮೇಲಷ್ಟೇ ಲುಬುಂಟು ಇನ್‌ಸ್ಟಾಲ್ ಮಾಡಿದೆ.

ಇಷ್ಟು ಹೊತ್ತು ರ‍್ಯಾಮ್ ಲೆಕ್ಕ ಹಾಕುತ್ತಿದ್ದ ನಾನು, ಇದರಲ್ಲಿ ಏನಿಟ್ಟಿದ್ದೀರಿ ಎಂದು ಮಾವನನ್ನು ಕೇಳಿಯೇ ಇರಲಿಲ್ಲ. ಮರುದಿನ ಬಸ್ಸಿಗೆ ಹೊರಟಾಗ ಅವರು ಹೊಸ ಪುಟ ತೆರೆದು ಕೂತಿದ್ದರು. ತಲೆಯೆತ್ತದೆ, ‘ಹುಷಾರಾಗಿ ಹೋಗು’ ಅಂದರು.