ರಬ್ಬರಿನ ಮೇಲೆ ಕೂತ ಎಂಜಿನ್

ನಾನಿರುವ ಸ್ಕೋಫೀಲ್ಡ್ಸ್ ಸಿಡ್ನಿಯ ವಾಯವ್ಯ ದಿಕ್ಕಿನಲ್ಲಿ, ರಿಚ್ಮಂಡ್ ರೈಲುಮಾರ್ಗದ ಮೇಲಿದೆ. ಭಾನುವಾರ ಸಂಜೆ ಇಲ್ಲಿನ ಬೀದಿಗಳಲ್ಲಿ ನಡೆದರೆ ಒಂದು ಮನೆಯಿಂದ ಒಗ್ಗರಣೆಯ ವಾಸನೆ, ಇನ್ನೊಂದರಿಂದ ತೆಲುಗು ಮಾತು, ಮತ್ತೊಂದರಿಂದ ಕನ್ನಡ. ಹೊಸದಾಗಿ ಬಂದವರಿಗೆ ಇದು ಮೊನ್ನೆಯಷ್ಟೇ ಹುಟ್ಟಿದ ಬಡಾವಣೆಯಂತೆ ಕಾಣುತ್ತದೆ. ಆದರೆ ಒಂದು ಕಾಲಕ್ಕೆ ಇದು ವಿಮಾನಗಳ ಊರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ರನ್‌ವೇ ಬಂತು. 1945ರಲ್ಲಿ ಬ್ರಿಟಿಷ್ ನೌಕಾಪಡೆಯ ವಿಮಾನಗಳು ಇಲ್ಲಿದ್ದವು. 1953ರಲ್ಲಿ ಆಸ್ಟ್ರೇಲಿಯಾದ ನೌಕಾಪಡೆ ಜಾಗ ವಹಿಸಿಕೊಂಡು, ಮುಂದೆ 'ನಿರಿಂಬಾ' ಎಂದು ಹೆಸರಿಟ್ಟು, 1994ರಲ್ಲಿ ಮುಚ್ಚುವವರೆಗೆ ಸಾವಿರಾರು ಹುಡುಗರಿಗೆ ಕೈಕೆಲಸ ಕಲಿಸಿತು. ಈಗ ಅಲ್ಲಿ ಶಾಲೆ, ಕಾಲೇಜುಗಳಿವೆ.

ನಾನು ವಿಮಾನದ ಕೆಲಸದವನೆಂದು ಗೊತ್ತಾದ ಕೂಡಲೇ ನಮ್ಮ ಕನ್ನಡ ಸಂಘದ ಊಟದ ಸಾಲಿನಲ್ಲಿ ಯಾರಾದರೂ ಕೇಳುತ್ತಾರೆ: "ಕ್ವಾಂಟಾಸಾ ಸಾರ್?" ಅಲ್ಲ. ನನ್ನದು ಬ್ಯಾಂಕ್ಸ್‌ಟೌನ್ ವಿಮಾನ ನಿಲ್ದಾಣದ ಒಂದು ಸಣ್ಣ ಹ್ಯಾಂಗರು. ಲೈಸೆನ್ಸಿನಲ್ಲಿ ಬರೆದಿರುವುದು ಬಿ1.2, ಅಂದರೆ ಪಿಸ್ಟನ್ ಎಂಜಿನ್ನಿನ ವಿಮಾನಗಳು. ಅವುಗಳಲ್ಲೂ ನನ್ನ ಪಾಲಿಗೆ ಹೆಚ್ಚಾಗಿ ಬರುವುದು ಆಕಾಶದಲ್ಲಿ ಲಾಗ ಹಾಕುವ ಪಿಟ್ಸ್, ಡೆಕಾಥ್ಲಾನ್‌ಗಳು. "ಪೈಲಟ್ ತಲೆಕೆಳಗಾದರೆ ಬೀಳುವುದಿಲ್ವಾ?" ಎಂಬುದು ಮುಂದಿನ ಪ್ರಶ್ನೆ. ಪೈಲಟ್ಟನ್ನು ಬೆಲ್ಟು ಹಿಡಿದಿರುತ್ತದೆ. ಎಂಜಿನ್ನನ್ನು ಹಿಡಿದಿರುವುದು ಯಾವುದು ಎಂದು ಮಾತ್ರ ಈವರೆಗೆ ಯಾರೂ ಕೇಳಿಲ್ಲ.

ಕೇಳಿದವರು ಸುಳ್ಯದಲ್ಲಿರುವ ನನ್ನ ಅಪ್ಪ ಒಬ್ಬರೇ. ಫೋನಿನಲ್ಲಿ ಒಮ್ಮೆ ಹೇಳಿದೆ, ಎಂಜಿನ್ನಿಗೂ ವಿಮಾನದ ಚೌಕಟ್ಟಿಗೂ ನಡುವೆ ನಾಲ್ಕು ಕಡೆ ರಬ್ಬರು ಇರುತ್ತದೆ ಎಂದು. ಅಪ್ಪನಿಗೆ ನಂಬಿಕೆ ಬರಲಿಲ್ಲ. "ಎಂತ ಮಾರಾಯ, ರಬ್ಬರಿನ ಮೇಲೆ ಎಂಜಿನ್ ಕೂರಿಸ್ತಾರಾ? ನಮ್ಮ ತೋಟದ್ದೇ ರಬ್ಬರು?"

ತಮಾಷೆಗೆ ಕೇಳಿದ್ದರೂ ಪ್ರಶ್ನೆ ದಾರಿ ತಪ್ಪಿದ್ದಲ್ಲ. ಇಂಥ ಎಷ್ಟೋ ಮೌಂಟುಗಳಲ್ಲಿ ಇಂದಿಗೂ ಇರುವುದು ಮರದ ಹಾಲಿನಿಂದ ಬಂದ ಸಹಜ ರಬ್ಬರೇ. ಲಕ್ಷಗಟ್ಟಲೆ ಸಲ ಹಿಗ್ಗಿ ಕುಗ್ಗಿದರೂ ದಣಿಯದ ಗುಣ ಅದಕ್ಕಿದೆ. ನಮ್ಮ ತೋಟದಲ್ಲಿ ಅಪ್ಪ ದಿನ ಬಿಟ್ಟು ದಿನ ಬೆಳಗಿನ ಜಾವ ಎದ್ದು ತೊಗಟೆಯನ್ನು ಓರೆಯಾಗಿ ಕೆತ್ತುತ್ತಿದ್ದರು. ಗೆರಟೆಯಲ್ಲಿ ತುಂಬಿದ ಹಾಲಿಗೆ ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ಯಂತ್ರದಲ್ಲಿ ಒತ್ತಿ, ಹೊಗೆಯ ಕೋಣೆಯಲ್ಲಿ ಶೀಟು ಒಣಗಿಸುತ್ತಿದ್ದರು. ಆ ಶೀಟು ಹಾಗೆಯೇ ಇದ್ದರೆ ಬಿಸಿಲಿಗೆ ಅಂಟಂಟು, ಚಳಿಗೆ ಬಿರುಸು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಸೇರಿಸಿ ಕಾಯಿಸಿದಾಗ ಒಳಗಿನ ಉದ್ದುದ್ದ ಎಳೆಗಳು ಒಂದಕ್ಕೊಂದು ಗಂಟು ಬಿದ್ದವು. ಎಳೆದರೆ ಬರುವ, ಬಿಟ್ಟರೆ ಮರಳುವ ರಬ್ಬರು ಹಾಗೆ ಸಿಕ್ಕಿತು.

ಎಂಜಿನ್ನನ್ನು ನೇರವಾಗಿ ಕಬ್ಬಿಣಕ್ಕೇ ಬಿಗಿದರೆ ಏನಾಗುತ್ತದೆ? ಆರು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಮೂರು ಸಲ ಸಿಡಿಯುತ್ತದೆ. ನಿಮಿಷಕ್ಕೆ 2700 ಸುತ್ತು ಎಂದರೆ ಸೆಕೆಂಡಿಗೆ 135 ಗುದ್ದು. ಆ ಗುದ್ದೆಲ್ಲ ಚೌಕಟ್ಟಿಗೆ ಹೋದರೆ ಬೆಸುಗೆಗಳು ಬಿರುಕು ಬಿಡುತ್ತವೆ, ಮೀಟರುಗಳು ಹಾಳಾಗುತ್ತವೆ, ಪೈಲಟ್ಟಿನ ಹಲ್ಲು ಕಟಕಟಿಸುತ್ತದೆ. ರಬ್ಬರು ಆ ಗುದ್ದನ್ನು ತಾನು ನುಂಗಿ ಶಾಖವಾಗಿ ಬಿಡುತ್ತದೆ. ನಾಲ್ಕು ಮೌಂಟುಗಳನ್ನು ಸುಮ್ಮನೆ ನೇರ ಇಡುವುದೂ ಇಲ್ಲ; ನಾಲ್ಕೂ ಎಂಜಿನ್ನಿನ ಭಾರಕೇಂದ್ರದ ಕಡೆಗೆ ಮುಖ ಮಾಡುವಂತೆ ಓರೆಯಾಗಿ ಇಡುತ್ತಾರೆ. ಆಗ ಎಂಜಿನ್ ತನ್ನದೇ ನಡುವಿನ ಸುತ್ತ ಅಲುಗಾಡುತ್ತದೆ, ವಿಮಾನವನ್ನು ಅಲುಗಾಡಿಸುವುದು ಕಡಿಮೆ.

ಪ್ರತಿ ಮೌಂಟಿನಲ್ಲೂ ದಪ್ಪ ವಡೆಯಂಥ ಎರಡು ರಬ್ಬರು ತುಂಡುಗಳು, ಲೋಹದ ಬಿಲ್ಲೆಗೆ ಅಂಟಿಕೊಂಡಿರುತ್ತವೆ. ಎರಡರ ನಡುವೆ ಉಕ್ಕಿನ ಕೊಳವೆ, ಅದರೊಳಗೆ ಬೋಲ್ಟು. ಎಂಜಿನ್ ಚೌಕಟ್ಟಿನಿಂದ ಮುಂದಕ್ಕೆ ಚಾಚಿಕೊಂಡಿರುವುದರಿಂದ ಮೇಲಿನ ಎರಡು ಮೌಂಟುಗಳನ್ನು ಅದರ ಭಾರ ಮುಂದಕ್ಕೆ ಎಳೆಯುತ್ತದೆ, ಕೆಳಗಿನ ಎರಡನ್ನು ಹಿಂದಕ್ಕೆ ಒತ್ತುತ್ತದೆ. ಆದ್ದರಿಂದ ಕೆಲವು ಮಾದರಿಗಳಲ್ಲಿ ಗಟ್ಟಿ ತುಂಡು ಮೇಲೆ ಒಂದು ಕಡೆಗೆ, ಕೆಳಗೆ ಇನ್ನೊಂದು ಕಡೆಗೆ ಬರಬೇಕು.

ಸಾಧಾರಣ ವಿಮಾನಕ್ಕೆ ಇಷ್ಟೇ ಕಥೆ. ಲಾಗ ಹಾಕುವ ವಿಮಾನಕ್ಕೆ ಇದು ಅರ್ಧ ಕಥೆ. ಪಿಟ್ಸ್ ಎಸ್-2ಸಿ ಎಂಬ ಎರಡು ರೆಕ್ಕೆ ಜೋಡಿಯ ವಿಮಾನದ ಮಿತಿ, ನೆಟ್ಟಗಿದ್ದಾಗ 6 ಜಿ, ತಲೆಕೆಳಗಾದಾಗ 5 ಜಿ. ಪ್ರೊಪೆಲ್ಲರ್ ಸೇರಿ ಎಂಜಿನ್ ಇನ್ನೂರು ಕಿಲೋ ಎಂದಿಟ್ಟುಕೊಳ್ಳಿ. ಒಂದು ಗಳಿಗೆ ಅದು ಸಾವಿರದ ಇನ್ನೂರು ಕಿಲೋ ಆಗಿ ಕೆಳಕ್ಕೆ ಜಗ್ಗುತ್ತದೆ. ಕೆಲವು ಸೆಕೆಂಡಿನಲ್ಲಿ ಸಾವಿರ ಕಿಲೋ ಆಗಿ ಎದುರು ದಿಕ್ಕಿಗೆ. ಎಳೆಯುತ್ತಿದ್ದ ಮೌಂಟು ಒತ್ತಿಸಿಕೊಳ್ಳುತ್ತದೆ, ಒತ್ತಿಸಿಕೊಂಡಿದ್ದದ್ದು ಎಳೆಸಿಕೊಳ್ಳುತ್ತದೆ. ಸಾಲದ್ದಕ್ಕೆ ಪ್ರೊಪೆಲ್ಲರ್ ಒಂದು ದೊಡ್ಡ ಬುಗುರಿ. ತಿರುಗುವ ಬುಗುರಿಯನ್ನು ಪಕ್ಕಕ್ಕೆ ದೂಡಿದರೆ ಅದು ದೂಡಿದ ಕಡೆಗೆ ಹೋಗದೆ ಅಡ್ಡಕ್ಕೆ ವಾಲುವುದನ್ನು ನಾವೆಲ್ಲ ಹುಡುಗರಾಗಿದ್ದಾಗ ನೋಡಿದ್ದೇವೆ. ಪೈಲಟ್ ಜೋರಾಗಿ ರಡ್ಡರ್ ಒದ್ದು ಮೂತಿಯನ್ನು ಪಕ್ಕಕ್ಕೆ ತಿರುಗಿಸಿದಾಗ ಪ್ರೊಪೆಲ್ಲರ್ ಅದನ್ನು ಮೇಲಕ್ಕೋ ಕೆಳಕ್ಕೋ ತಿರುಚಲು ನೋಡುತ್ತದೆ. ಆ ತಿರುಚು ಚೌಕಟ್ಟಿಗೆ ತಲುಪುವುದೂ ಈ ನಾಲ್ಕು ರಬ್ಬರುಗಳ ಮೂಲಕವೇ.

ರಬ್ಬರು ಸೋಲುವಾಗ ಸದ್ದು ಮಾಡುವುದಿಲ್ಲ. ಎಕ್ಸಾಸ್ಟಿನ ಶಾಖಕ್ಕೆ ಗಟ್ಟಿಯಾಗಿ ಬಿರಿಯುತ್ತದೆ. ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಸಹಜ ರಬ್ಬರಿಗೆ ಎಂಜಿನ್ ಎಣ್ಣೆ ಆಗದು. ಏನೂ ತಾಗದಿದ್ದರೂ ವರ್ಷಗಟ್ಟಲೆ ಭಾರ ಹೊತ್ತು ಚಪ್ಪಟೆಯಾಗಿ, ಮತ್ತೆ ಪೂರ್ತಿ ಎದ್ದು ನಿಲ್ಲುವುದಿಲ್ಲ. ಎಂಜಿನ್ ಕೂದಲೆಳೆಯಷ್ಟೇ ಕೆಳಕ್ಕೆ ಕೂರುತ್ತದೆ, ಮತ್ತೆ ಕೂದಲೆಳೆಯಷ್ಟು. ಮುಂದೊಂದು ದಿನ ಎಕ್ಸಾಸ್ಟ್ ಕೊಳವೆ ಕವಚಕ್ಕೆ ಉಜ್ಜತೊಡಗುತ್ತದೆ, ಯಾವುದೋ ಹೋಸು ಸವೆಯುತ್ತದೆ.

ಸಿಡ್ನಿಗೆ ಬರುವ ಮೊದಲು ನಾಲ್ಕು ವರ್ಷ ಮೆಲ್ಬರ್ನಿನ ಮೂರಬ್ಬಿನ್ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿದೆ. ಅಲ್ಲಿ ನನಗೆ ಕಲಿಸಿದ ಮುದುಕ, ವಿಮಾನ ಒಳಗೆ ಬಂದ ಕೂಡಲೇ ಕವಚ ಬಿಚ್ಚಲು ಬಿಡುತ್ತಿರಲಿಲ್ಲ. ಮೊದಲು ಪ್ರೊಪೆಲ್ಲರಿನ ನಡುವಿನ ಟೋಪಿಗೂ ಅದರ ಹಿಂದಿನ ಕವಚಕ್ಕೂ ನಡುವಿನ ಸಂದು ಅಳೆಯಬೇಕು. ಟೋಪಿ ಕವಚಕ್ಕಿಂತ ಎಷ್ಟು ತಗ್ಗಿದೆ ಎಂಬುದನ್ನೂ ಅಳೆದು ಪುಸ್ತಕದಲ್ಲಿ ಬರೆಯಬೇಕು. "ಕಣ್ಣಿಗೆ ಸರಿ ಕಾಣ್ತಿದೆಯಲ್ಲ" ಎಂದರೆ, "ನಿನ್ನ ಕಣ್ಣು ಇದನ್ನು ದಿನಾ ನೋಡುತ್ತೆ, ಅದೇ ತೊಂದರೆ" ಎನ್ನುತ್ತಿದ್ದ. ನನಗೆ ಇದು ಹೊಸ ಮಾತಾಗಿ ಕೇಳಲಿಲ್ಲ. ಅಪ್ಪ ರಬ್ಬರು ಮರಕ್ಕೆ ಪೇಂಟಿನಲ್ಲಿ ಗುರುತು ಹಾಕುತ್ತಿದ್ದರು, ಈ ತಿಂಗಳು ಕತ್ತಿ ಇಲ್ಲಿಯವರೆಗೆ ಮಾತ್ರ ಇಳಿಯಬೇಕು ಎಂದು. ಒಂದು ಸಲಕ್ಕೆ ಹೋಗುವ ತೊಗಟೆ ಒಂದೂವರೆ ಮಿಲಿಮೀಟರು. ಗುರುತಿಲ್ಲದಿದ್ದರೆ ಎಷ್ಟು ತಿಂದೆವೆಂದು ಮರ ಮುಗಿದ ಮೇಲೆಯೇ ತಿಳಿಯುವುದು.

ಮೂರು ವರ್ಷದ ಹಿಂದೆ ನಮ್ಮ ಹ್ಯಾಂಗರಿಗೆ ಒಂದು ಪಿಟ್ಸ್ ನೂರು ಗಂಟೆಯ ತಪಾಸಣೆಗೆ ಬಂತು. ಶನಿವಾರ ಮಾಲೀಕನ ಮಗಳಿಗೆ ಹದಿನೆಂಟು ತುಂಬುವುದಿತ್ತು. ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಒಂದು ಲೂಪ್, ಒಂದು ರೋಲ್ ಹೊಡೆಸುತ್ತೇನೆಂದು ಮಾತು ಕೊಟ್ಟಿದ್ದ. ಅಳೆದೆ. ಹಿಂದಿನ ತಪಾಸಣೆಗಿಂತ ಟೋಪಿ 3 ಮಿಲಿಮೀಟರು ತಗ್ಗಿತ್ತು, ಬಲಕ್ಕೂ ಸ್ವಲ್ಪ ವಾಲಿತ್ತು. ಟಾರ್ಚು, ಕನ್ನಡಿ ಹಿಡಿದು ನೋಡಿದರೆ ಬಲಗಡೆಯ ಕೆಳಗಿನ ಮೌಂಟು ಎಣ್ಣೆಯಲ್ಲಿ ಮಿಂದು ಹೊಳೆಯುತ್ತಿತ್ತು. ಉಗುರಿನಿಂದ ಒತ್ತಿದರೆ ಗುರುತು ಉಳಿಯಿತು. ರಬ್ಬರು ಲೋಹದಿಂದ ಬಿಟ್ಟುಕೊಂಡ ಗೆರೆಯೊಂದು ಅಂಚಿನಲ್ಲಿ ಕಂಡಿತು.

ಮಾಲೀಕ ಬಂದ. "ಹೋದ ಭಾನುವಾರ ಚೆನ್ನಾಗಿಯೇ ಹಾರಿತಲ್ಲ" ಎಂದ. ನಿಜ, ಹಾರಿತ್ತು. ಒಂದು ವಾಷರ್ ಕೊಟ್ಟು ಎಂಜಿನ್ ಎತ್ತಬಾರದೇ ಎಂದ. ಚಪ್ಪಟೆಯಾದ ಒಳ್ಳೆಯ ರಬ್ಬರಿಗೆ, ಕೈಪಿಡಿ ಒಪ್ಪಿದ ಕಡೆ, ಅದು ನಡೆಯುತ್ತದೆ. ಬಿಟ್ಟುಕೊಂಡ ರಬ್ಬರಿಗೆ ನಡೆಯುವುದಿಲ್ಲ. ಮೇಂಟೆನೆನ್ಸ್ ರಿಲೀಸ್ ಎಂಬ ಕಾಗದಕ್ಕೆ ನಾನು ಸಹಿ ಹಾಕದೆ ವಿಮಾನ ಏಳುವಂತಿಲ್ಲ. ಹಾಕಲಿಲ್ಲ. ಅವನು ಕಾರಿನ ಬಾಗಿಲು ಬಡಿದುಕೊಂಡು ಹೋದ. ಒಬ್ಬ ಗಿರಾಕಿ ಕೈತಪ್ಪಿದರೆ ಸಣ್ಣ ಹ್ಯಾಂಗರಿಗೆ ಅದು ಸಣ್ಣ ವಿಷಯವಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅಮೆರಿಕದಿಂದ ಹೊಸ ಮೌಂಟುಗಳು ಬರಲು ಐದು ವಾರ ಹಿಡಿಯಿತು. ಒಂದು ಕೆಟ್ಟರೂ ನಾಲ್ಕನ್ನೂ ಬದಲಿಸುವುದೇ ಲೇಸು. ಮೂರು ಹಳೆಯ ಮೆತ್ತನೆಯವು, ಒಂದು ಹೊಸ ಬಿರುಸಿನದು ಎಂದರೆ ಭಾರವೆಲ್ಲ ಹೊಸದರ ಮೇಲೆ. ಎಂಜಿನ್ನನ್ನು ಹಾಯಿಸ್ಟಿಗೆ ತೂಗುಹಾಕಿ, ಬೋಲ್ಟು ಒಂದೊಂದಾಗಿ ಬಿಚ್ಚಿ, ಚೌಕಟ್ಟಿನ ಬೆಸುಗೆಗಳಲ್ಲಿ ಬಿರುಕಿದೆಯೇ ನೋಡಿ, ಹೊಸದನ್ನು ಕೂರಿಸಿದೆ. ತೂತು ಸೇರದಿದ್ದಾಗ ಎಣ್ಣೆ ಹಚ್ಚಿ ಜಾರಿಸುವ ಆಸೆಯಾಗುತ್ತದೆ, ಅದನ್ನು ತಡೆಯಬೇಕು. ಹಾಯಿಸ್ಟನ್ನು ಬೆರಳಗಲ ಏರಿಸುತ್ತ ಇಳಿಸುತ್ತ ಕಾಯಬೇಕು. ಎಣ್ಣೆ ಚೆಲ್ಲುತ್ತಿದ್ದ ಹೋಸನ್ನೂ ಬದಲಿಸಿದೆ, ಇಲ್ಲದಿದ್ದರೆ ಇದೇ ಪಾಡು ಮತ್ತೆ ಬರುತ್ತಿತ್ತು.

ಹಳೆಯ ಮೌಂಟನ್ನು ಮಾಲೀಕನ ಎದುರೇ ಗರಗಸದಿಂದ ಸೀಳಿದೆ. ಹೊರಗೆ ಗೆರೆಯಾಗಿದ್ದದ್ದು ಒಳಗೆ ಮುಕ್ಕಾಲು ಭಾಗ ಬಿಟ್ಟುಹೋಗಿತ್ತು. ಅವನು ಆ ತುಂಡನ್ನು ಬಹಳ ಹೊತ್ತು ತಿರುಗಿಸಿ ನೋಡಿದ, ಏನೂ ಹೇಳಲಿಲ್ಲ. ಮರುವಾರ ಮಗಳನ್ನು ಕರೆದುಕೊಂಡು ಬಂದ. ಇಳಿದಾಗ ಆಕೆಯ ಮುಖ ಬಿಳಿಚಿಕೊಂಡಿತ್ತು, ನಗು ನಿಂತಿರಲಿಲ್ಲ. ವಿಮಾನ ಈಗಲೂ ನಮ್ಮಲ್ಲಿಗೇ ಬರುತ್ತದೆ.

ಅದೇ ವರ್ಷದ ಕೊನೆಗೆ ಊರಿಗೆ ಹೋದೆ. ಅಪ್ಪನನ್ನು ವಿಡಿಯೋದಲ್ಲಿ ವಾರಕ್ಕೆರಡು ಸಲ ನೋಡುತ್ತಿದ್ದರೂ, ಎದುರು ನಿಂತಾಗ ಅವರ ವಾಚು ಮಣಿಕಟ್ಟಿನಿಂದ ಜಾರುತ್ತಿರುವುದು ಕಂಡಿತು. ಜೊತೆಯಲ್ಲೇ ಇರುವ ತಂಗಿ, "ಅಪ್ಪ ಹಾಗೇ ಇದ್ದಾರಲ್ಲ ಅಣ್ಣ" ಎಂದಳು. ಹಳೆಯ ಚೀಟಿ ಹುಡುಕಿ ಹೋಲಿಸಿದರೆ ಎರಡು ವರ್ಷದಲ್ಲಿ ಎಂಟು ಕಿಲೋ ಇಳಿದಿದ್ದರು. ವೈದ್ಯರು ಸಕ್ಕರೆ ಕಾಯಿಲೆ ಎಂದರು, ಔಷಧಿ ಶುರುವಾಯಿತು.

ಹೊರಡುವ ಮುನ್ನ ಒಂದು ತೂಕದ ಯಂತ್ರ ತಂದಿಟ್ಟೆ. ಅಪ್ಪ ಗೊಣಗಿದರು, "ನಾನೇನು ರಬ್ಬರು ಶೀಟಾ, ತೂಗಲಿಕ್ಕೆ?" ಆದರೆ ಪ್ರತಿ ತಿಂಗಳ ಒಂದನೆಯ ತಾರೀಖು ಅವರೇ ಅದರ ಮೇಲೆ ನಿಲ್ಲುತ್ತಾರೆ. ತಂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು, ಫೋಟೋ ಕಳಿಸುತ್ತಾಳೆ. ಕಳೆದ ಹತ್ತು ತಿಂಗಳಿಂದ 58 ಕಿಲೋ.