ದುಡ್ಡು ಕೊಟ್ಟು ತಂದ ಇಲಿ

"ಕಡ್ಲೆಕಾಯಿ ಮೂಟೆ ತೂತು ಮಾಡೋ ಇಲಿಗೆ ಒಂದು ಬೋನು ತನ್ನಿ ಅಂತ ಎರಡು ತಿಂಗಳಿಂದ ಬಡ್ಕೋತಿದೀನಿ. ನೀವು ನೋಡಿದ್ರೆ ದುಡ್ಡು ಕೊಟ್ಟು ಇನ್ನೊಂದು ಇಲಿ ತಂದಿದೀರಲ್ಲ!"

ಹೋದ ದಸರಾ ರಜೆಯಲ್ಲಿ ನನ್ನ ಮನೆಯವಳು ಹೀಗೆ ಅಂದಾಗ ಮೊಮ್ಮಗ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಆ ಇಲಿಯಿಂದ ನಾನು ಎಷ್ಟು ಪಾಠ ಕಲಿಯಬೇಕಾಗುತ್ತದೆ ಎಂಬುದು ಆಗ ಗೊತ್ತಿರಲಿಲ್ಲ.

ನಾವಿರುವುದು ಶಿರಾ ತಾಲ್ಲೂಕಿನ ಗೌಡಗೆರೆಯಲ್ಲಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಊರೂರು ಸುತ್ತಿ, ನಿವೃತ್ತನಾದ ಮೇಲೆ ಅಪ್ಪನ ಕಾಲದ ಮನೆಗೆ ಬಂದು ಸೇರಿಕೊಂಡವನು ನಾನು. ಮಗ, ಸೊಸೆ ತುಮಕೂರಿನಲ್ಲಿದ್ದಾರೆ. ಅವರ ಮಗ ಏಳನೇ ಕ್ಲಾಸು. ರಜೆ ಬಂದರೆ ಅಪ್ಪನ ಹಳೇ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ನಮ್ಮಲ್ಲಿಗೆ ಬರುತ್ತಾನೆ. ಅವನು ಆಡುವುದು ಮೈನ್‌ಕ್ರಾಫ್ಟ್ ಎಂಬ ಆಟ. ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ, ನನ್ನ ವಾರಿಗೆಯವರಿಗೆ ಹೇಳುತ್ತೇನೆ: ಪರದೆಯ ಮೇಲೆ ಚೌಕ ಚೌಕದ ಕಲ್ಲು, ಮಣ್ಣು, ಮರ ಇರುತ್ತವೆ. ಮೌಸಿನ ಒಂದು ಗುಂಡಿ ಒತ್ತಿದರೆ ಕಲ್ಲು ಒಡೆಯುತ್ತದೆ, ಇನ್ನೊಂದು ಒತ್ತಿದರೆ ಕಲ್ಲು ಕೂರುತ್ತದೆ. ಗಾರೆ ಕೆಲಸ ಅಂದುಕೊಳ್ಳಿ. ಪ್ರಪಂಚದಲ್ಲಿ ಈ ಆಟದ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆಯಂತೆ.

ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಅವನನ್ನು ಮಧುಗಿರಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ನಾನು ಮೊದಲನೇ ಬಾಗಿಲ ಹತ್ತಿರವೇ ಕೂತುಬಿಟ್ಟೆ. ಅವನು ಅಪ್ಪನ ಜೊತೆ ಮೇಲಕ್ಕೆ ಹೋದ. ಇಳಿದು ಬಂದವನೇ, "ತಾತ, ಈ ಕೋಟೇನ ನಾನು ಕಟ್ತೀನಿ" ಅಂದ. ಆ ಏಕಶಿಲೆಯ ಬೆಟ್ಟ, ಅದರ ಮೈಗೆ ಅಂಟಿಕೊಂಡ ಗೋಡೆ, ಬುರುಜು, ಮೆಟ್ಟಿಲು ಎಲ್ಲವನ್ನೂ ಒಂದೊಂದೇ ಕಲ್ಲಿಟ್ಟು ಕಟ್ಟಲು ಶುರು ಮಾಡಿದ. ಲ್ಯಾಪ್‌ಟಾಪಿನಲ್ಲಿ ಬೆರಳು ಉಜ್ಜುವ ಪಟ್ಟಿಯಲ್ಲಿ ಈ ಕೆಲಸ ಸಾಗುವುದಿಲ್ಲ. ಅದಕ್ಕೆ ಗೇಮಿಂಗ್ ಮೌಸ್ ಬೇಕು. ಯುಗಾದಿ, ಗೌರಿ ಹಬ್ಬ, ಹುಟ್ಟುಹಬ್ಬಕ್ಕೆ ಬಂದ ದುಡ್ಡನ್ನೆಲ್ಲ ಅವನು ನನ್ನ ಹತ್ತಿರ ಇಡುತ್ತಾನೆ. ಅವನಿಗೊಂದು ಪುಟ್ಟ ಪಾಸ್‌ಬುಕ್ ಬರೆದುಕೊಟ್ಟಿದ್ದೇನೆ. 1928ರಲ್ಲೇ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಲ್ಲೇ ಪಿಗ್ಮಿ ಕಟ್ಟಿಸಿಕೊಳ್ಳುತ್ತಿದ್ದರು. ನಮ್ಮದೂ ಅಂಥದೇ ಒಂದು ಮನೆ ಪಿಗ್ಮಿ. ದಸರಾಕ್ಕೆ ಅವನ ಖಾತೆಯಲ್ಲಿ ಇದ್ದದ್ದು 1,620 ರೂಪಾಯಿ.

"ಅಷ್ಟೆಲ್ಲ ಯಾಕೋ? ನಾನು ಕಮ್ಮಿಗೆ ತಂದುಕೊಡ್ತೀನಿ" ಎಂದು ಜಂಬ ಕೊಚ್ಚಿದೆ. ಪೇಟೆಗೆ ಹೋದವನು ಒಂದು ಅಂಗಡಿಯಲ್ಲಿ 450 ರೂಪಾಯಿಗೆ ಮೌಸ್ ತಂದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 12,800 ಎಂದು ಬರೆದಿತ್ತು. ಸಿಕ್ಕಿಸಿದರೆ ಗಣಪತಿ ಪೆಂಡಾಲಿನ ಹಾಗೆ ಏಳು ಬಣ್ಣದ ದೀಪ. ಕೈಯಲ್ಲಿ ಹಿಡಿದರೆ ಒಳ್ಳೇ ಭಾರ. ಭಾರ ಇದ್ದರೆ ಗಟ್ಟಿ ಸಾಮಾನು ಎಂಬುದು ನಮ್ಮ ಕಾಲದವರ ಲೆಕ್ಕ. ಮಿಕ್ಕ 1,170 ಅವನ ಖಾತೆಯಲ್ಲೇ ಉಳಿಸಿ, ಪಾಸ್‌ಬುಕ್ಕಿನಲ್ಲಿ ಬರೆದು, ಮೀಸೆ ತಿರುವಿಕೊಂಡೆ.

ಸಂಕ್ರಾಂತಿ ದಿನ ತುಮಕೂರಿನಿಂದ ಫೋನು ಬಂತು. ಎಳ್ಳು ಬೆಲ್ಲದ ಮಾತು ಮುಗಿದ ಮೇಲೆ ಮೊಮ್ಮಗನ ದನಿ ಸಣ್ಣಗಾಯಿತು. "ತಾತ, ಕೋಟೆ ಬೀಳ್ತಿದೆ." ಒಂದು ಕಲ್ಲು ತೆಗೆಯಲು ಒಮ್ಮೆ ಒತ್ತಿದರೆ ಅದರ ಹಿಂದಿನದೂ ಹೋಗುತ್ತಿದೆಯಂತೆ. ಒಂದು ಇಡಲು ಹೋದರೆ ಎರಡು ಕೂರುತ್ತವಂತೆ. ಸರಿಮಾಡಲು ಹೋದಷ್ಟೂ ಬುರುಜು ಕೆಡುತ್ತಿದೆ. ಅವನು ಅಳುತ್ತಿರಲಿಲ್ಲ, ಆದರೆ ಮೂಗು ಏರಿಸುವ ಸದ್ದು ಕೇಳಿಸಿತು.

ನನಗೆ ತಕ್ಷಣ ಅರ್ಥವಾಯಿತು. ಬ್ಯಾಂಕಿನಲ್ಲಿ ಕೈಯಲ್ಲಿ ಲೆಡ್ಜರ್ ಬರೆಯುತ್ತಿದ್ದ ಕಾಲದಲ್ಲಿ ಒಮ್ಮೆ ಒಂದೇ ಚೆಕ್ಕನ್ನು ಎರಡು ಸಲ ಖರ್ಚು ಹಾಕಿಬಿಟ್ಟಿದ್ದೆ. ಸಂಜೆ ಲೆಕ್ಕ ತಾಳೆಯಾಗಲಿಲ್ಲ. ರಾತ್ರಿ ಹತ್ತರವರೆಗೆ ನಾಲ್ಕು ಜನ ನನ್ನಿಂದಾಗಿ ಕೂತಿದ್ದರು. ಮೌಸಿನದೂ ಅದೇ ರೋಗ. ಗುಂಡಿಯ ಕೆಳಗೆ ಒಂದು ಪುಟ್ಟ ಸ್ವಿಚ್ಚು, ಅದರೊಳಗೆ ತೆಳು ಲೋಹದ ಎಲೆ ಇರುತ್ತದೆ. ಅದು ಸವೆದರೆ ಒಂದೇ ಒತ್ತಿಗೆ ಅದುರಿ ಎರಡು ಸಲ ತಾಗುತ್ತದೆ. ಕಂಪ್ಯೂಟರು ಪಾಪ, ಎರಡು ಚೀಟಿ ಬಂತು ಎಂದು ಎರಡು ಸಲ ಬರೆದುಕೊಳ್ಳುತ್ತದೆ.

ಹುಡುಗನ ದುಡ್ಡು ಹಾಳು ಮಾಡಿದವನು ನಾನು ಎಂಬುದು ಚುಚ್ಚತೊಡಗಿತು. ಕೆಟ್ಟ ಮೌಸನ್ನು ತರಿಸಿಕೊಂಡು ಬಿಚ್ಚಿದೆ. ಒಳಗೆ ನೋಡಿದರೆ ಒಂದು ಕಬ್ಬಿಣದ ತುಂಡು! ಯಾವ ತಂತಿಯೂ ಅದಕ್ಕೆ ತಾಗಿಲ್ಲ, ಅದಕ್ಕೆ ಯಾವ ಕೆಲಸವೂ ಇಲ್ಲ. ಗಟ್ಟಿ ಸಾಮಾನು ಅನ್ನಿಸಲಿ ಎಂದು ಇಟ್ಟ ತೂಕ. ಸಂತೆಯಲ್ಲಿ ತಕ್ಕಡಿಯ ಕೆಳಗೆ ಕಲ್ಲು ಕಟ್ಟುವವರನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದವನು ನಾನು.

ಆಮೇಲೆ ಮಗನನ್ನು, ಅವನ ಸ್ನೇಹಿತರನ್ನು, ಕಂಪ್ಯೂಟರ್ ರಿಪೇರಿಯವರನ್ನು ಕೇಳಿ ಕೇಳಿ ತಿಳಿದುಕೊಂಡೆ. ಮೌಸಿನ ಹೊಟ್ಟೆಯಲ್ಲಿ ಒಂದು ದೀಪ, ಒಂದು ಪುಟಾಣಿ ಕ್ಯಾಮೆರಾ ಇರುತ್ತವೆ. ಮೇಜಿನ ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಹೋಲಿಸಿ, ಕೈ ಎತ್ತ ಹೋಯಿತು ಎಂದು ಲೆಕ್ಕ ಹಾಕುತ್ತದೆ. ಇದೇ ಸೆನ್ಸರ್. ದುಡ್ಡು ಮೊದಲು ಹೋಗಬೇಕಾದದ್ದು ಇಲ್ಲಿಗೆ, ಆಮೇಲೆ ಸ್ವಿಚ್ಚಿಗೆ. ದೀಪಕ್ಕಲ್ಲ.

ಇನ್ನು ಆ 12,800. ಅದನ್ನು ಡಿಪಿಐ ಎನ್ನುತ್ತಾರೆ: ಮೌಸನ್ನು ಒಂದು ಅಂಗುಲ ಸರಿಸಿದರೆ ಪರದೆಯ ಬಾಣ ಎಷ್ಟು ಚುಕ್ಕಿ ದಾಟುತ್ತದೆ ಎಂಬ ಲೆಕ್ಕ. ನಮ್ಮ ಲ್ಯಾಪ್‌ಟಾಪಿನ ಪರದೆಯ ಅಗಲ 1,920 ಚುಕ್ಕಿ. 800 ಡಿಪಿಐ ಇಟ್ಟರೆ ಈ ಕೊನೆಯಿಂದ ಆ ಕೊನೆಗೆ ಹೋಗಲು 2.4 ಅಂಗುಲ ಸರಿಸಬೇಕು. 1,600 ಇಟ್ಟರೆ 1.2 ಅಂಗುಲ. ಮಕ್ಕಳೇ, 12,800ಕ್ಕೆ ನೀವೇ ಭಾಗಿಸಿ ನೋಡಿ: 0.15 ಅಂಗುಲ. ಒಂದು ಹುರುಳಿಕಾಳಿನಷ್ಟು ಕೈ ಅಲ್ಲಾಡಿದರೆ ಬಾಣ ಇಡೀ ಪರದೆ ದಾಟಿಬಿಡುತ್ತದೆ! ಯಾರಿಗೆ ಬೇಕು ಇದು? ಚೆನ್ನಾಗಿ ಆಡುವವರಲ್ಲೂ ಹೆಚ್ಚಿನವರು 400ರಿಂದ 1,600ರ ಒಳಗೇ ಇಟ್ಟುಕೊಳ್ಳುತ್ತಾರೆ.

ಇನ್ನೊಂದು ಸಂಖ್ಯೆ ಮಾತ್ರ ನೋಡಬೇಕಾದದ್ದು: ಮೌಸು ತಾನೆಲ್ಲಿದ್ದೇನೆ ಎಂದು ಕಂಪ್ಯೂಟರಿಗೆ ಸೆಕೆಂಡಿಗೆ ಎಷ್ಟು ಸಲ ವರದಿ ಒಪ್ಪಿಸುತ್ತದೆ ಎಂಬುದು. ಸಾಮಾನ್ಯ ಆಫೀಸ್ ಮೌಸಿನದು 125 ಸಲ. ಆಟದ ಮೌಸಿನದು 1,000. ಸ್ವಿಚ್ಚಿಗೆ ಒಂದು ಕೋಟಿ ಒತ್ತು, ಎರಡು ಕೋಟಿ ಒತ್ತು ಎಂದು ಆಯಸ್ಸು ಬರೆದಿರುತ್ತಾರೆ. ದಿನಕ್ಕೆ 5,000 ಸಲ ಒತ್ತಿದರೂ ಒಂದು ಕೋಟಿ ಮುಗಿಯಲು 2,000 ದಿನ, ಅಂದರೆ ಸುಮಾರು ಐದೂವರೆ ವರ್ಷ. ನಾನು ತಂದದ್ದರ ಡಬ್ಬಿಯ ಮೇಲೆ ಈ ಆಯಸ್ಸಿನ ಸುದ್ದಿಯೇ ಇರಲಿಲ್ಲ.

ಬ್ಯಾಂಕಿನಲ್ಲಿ ನಾನು ಮೊದಲು ಹಿಡಿದ ಮೌಸಿಗೆ ಸೆನ್ಸರ್ ಇರಲಿಲ್ಲ, ಹೊಟ್ಟೆಯಲ್ಲಿ ರಬ್ಬರಿನ ಗುಂಡು ಇತ್ತು. 1984ರಲ್ಲಿ ರಂಗರಾಜನ್ ಸಮಿತಿ ಬ್ಯಾಂಕುಗಳಿಗೆ ಯಂತ್ರ ಬರಲಿ ಎಂದು ವರದಿ ಕೊಟ್ಟಾಗ, ನಮ್ಮ ಕೆಲಸ ಹೋಗುತ್ತದೆ ಎಂದು ಘೋಷಣೆ ಕೂಗಿದವರಲ್ಲಿ ನಾನೂ ಒಬ್ಬ. ಕೊನೆಗೆ ಕಂಪ್ಯೂಟರು ಬಂತು, ವಾರಕ್ಕೊಮ್ಮೆ ಮೌಸಿನ ಗುಂಡು ತೆಗೆದು ಕೊಳೆ ಒರೆಸುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೂ ಹಿಂದಿನ ಅಜ್ಜ ಮೌಸು ಮರದ್ದು. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಯೋಚಿಸಿದ್ದನ್ನು ಬಿಲ್ ಇಂಗ್ಲಿಷ್ ಎಂಬ ಜೊತೆಗಾರ 1964ರಲ್ಲಿ ಮಾಡಿಕೊಟ್ಟರು: ಮರದ ಪೆಟ್ಟಿಗೆ, ಕೆಳಗೆ ಎರಡು ಚಕ್ರ, ಮೇಲೆ ಒಂದೇ ಗುಂಡಿ, ಬಾಲದಂತೆ ತಂತಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಎಲ್ಲರೆದುರು ತೋರಿಸಿದರು. ಆ ಮರದ ಪೆಟ್ಟಿಗೆಯನ್ನು ಯಾವ ಕೈಯಿಂದ ಬೇಕಾದರೂ ಹಿಡಿಯಬಹುದಿತ್ತು.

ಈ ಕೈಯ ಮಾತು ನನಗೆ ಹೊಳೆದದ್ದು ಬೇಸಿಗೆ ರಜೆಗೆ ಮೊಮ್ಮಗ ಬಂದಾಗ. ಕೆಟ್ಟ ಮೌಸನ್ನು ಮತ್ತೆ ಜೋಡಿಸಿ, "ಎಲ್ಲಿ, ಹೆಂಗೆ ಆಡ್ತಿದ್ದೆ ತೋರ್ಸು" ಎಂದೆ. ಬಲಗೈಯಲ್ಲಿ ಹಿಡಿದ. ಬೆರಳು ಸೆಟೆದುಕೊಂಡಿತ್ತು, ಬಾಣ ಎಲ್ಲೆಲ್ಲೋ ಓಡುತ್ತಿತ್ತು. ಇವನು ಬರೆಯುವುದು ಎಡಗೈಯಲ್ಲಿ!

"ಎಡಗೈಲಿ ಹಿಡಿಯಪ್ಪ" ಎಂದೆ.

"ಆಗಲ್ಲ ತಾತ. ಇದು ಬಲಗೈನೋರಿಗೆ ಮಾಡಿರೋದು. ನೋಡು, ಈ ಕಡೆ ಉಬ್ಬಿದೆ, ಹೆಬ್ಬೆರಳಿಗೆ ಈ ಕಡೆ ಗುಂಡಿ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನು ಖುಷಿಯಿಂದ ತಂದಿದ್ದೆ."

ನನಗೆ ಮಾತು ಹೊರಡಲಿಲ್ಲ. ನಾನೂ ಹುಟ್ಟು ಎಡಚ. ಸ್ಲೇಟು ಹಿಡಿದ ದಿನಗಳಲ್ಲಿ ಮೇಷ್ಟ್ರೊಬ್ಬರು ಎಡಗೈಯ ಗೆಣ್ಣಿನ ಮೇಲೆ ಅಡಿಕೋಲಿನಿಂದ ಕೊಟ್ಟು ಕೊಟ್ಟು ಬಲಗೈಗೆ ದಾಟಿಸಿದರು. ಮೂವತ್ತಾರು ವರ್ಷ ಬಲಗೈಯಲ್ಲೇ ಲೆಡ್ಜರ್ ಬರೆದೆ, ಅಕ್ಷರ ಎಂದೂ ನೆಟ್ಟಗಾಗಲಿಲ್ಲ. ನನ್ನ ಅವ್ವನೂ ಎಡಚಿ. ಆದರೆ ಅವಳನ್ನು ಬಡಿಯಲು ಮೇಷ್ಟ್ರಿರಲಿಲ್ಲ. ರಾಗಿ ಕುಯ್ಲಿಗೆ ಎಲ್ಲರ ಕುಡುಗೋಲು ಅವಳ ಕೈಯಲ್ಲಿ ಜಾರುತ್ತಿತ್ತು, ಏಕೆಂದರೆ ಕುಡುಗೋಲಿನ ಹಲ್ಲು, ಸಾಣೆ ಎಲ್ಲ ಬಲಗೈಯವರಿಗೆ. ಅಪ್ಪ ಕುಲುಮೆಗೆ ಹೋಗಿ, ಹಲ್ಲು ತಿರುಗಿಸಿ ಹೊಡೆಸಿದ ಕುಡುಗೋಲೊಂದನ್ನು ಮಾಡಿಸಿ ತಂದರು. ಆಮೇಲೆ ಸಾಲಿನಲ್ಲಿ ಅವ್ವನೇ ಎಲ್ಲರಿಗಿಂತ ಮುಂದೆ. ಇಷ್ಟು ಗೊತ್ತಿದ್ದ ನಾನು ಅಂಗಡಿಯಲ್ಲಿ ನೋಡಿದ್ದು ದೀಪ, ತೂಕ, ಬೆಲೆ. ಹಿಡಿಯುವ ಕೈಯನ್ನು ಕೇಳಲೇ ಇಲ್ಲ.

ಒಂದು ಶನಿವಾರ ಬೆಳಗಿನ ಬಸ್ಸಿಗೆ ಹೊರಟೆವು. ಶಿರಾಕ್ಕೆ ಹೋಗಿ ಬೆಂಗಳೂರಿನ ಬಸ್ಸು ಹತ್ತಿ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೋದಲ್ಲಿ ಒಂದೇ ನಿಲ್ದಾಣ, ಚಿಕ್ಕಪೇಟೆ. ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್‌ಪಿ ರೋಡು. ಕಂಪ್ಯೂಟರಿನ ಬಿಡಿಭಾಗಗಳ ಅಂಗಡಿ ಒಂದಕ್ಕೊಂದು ಒತ್ತಿಕೊಂಡಿವೆ. ಈ ಸಲ ನಾನು ಹಿಂದೆ, ಅವನು ಮುಂದೆ.

ಎರಡು ಅಂಗಡಿಯವರು ಡಬ್ಬಿ ಬಿಚ್ಚಲು ಒಪ್ಪಲಿಲ್ಲ. ಮೂರನೆಯವರು ತೋರಿಸಲು ಇಟ್ಟಿದ್ದ ನಾಲ್ಕು ಮೌಸುಗಳನ್ನು ಮುಂದಿಟ್ಟರು. "ಎಡಗೈಗೆ" ಎಂದ ಕೂಡಲೇ ಎರಡನ್ನು ತಾವೇ ಪಕ್ಕಕ್ಕೆ ಸರಿಸಿದರು. ಎಡಗೈಗೆಂದೇ ಮಾಡಿದ್ದು ನಮ್ಮ ಬೆಲೆಯಲ್ಲಿ ಅವರ ಹತ್ತಿರ ಇರಲಿಲ್ಲ. ಎರಡೂ ಮಗ್ಗುಲು ಒಂದೇ ಆಕಾರ ಇರುವುದನ್ನು ಕೊಳ್ಳಿ, ಪಕ್ಕದ ಗುಂಡಿಗಳು ಉಪಯೋಗಕ್ಕೆ ಬರುವುದಿಲ್ಲ ಅಷ್ಟೆ ಎಂದರು. ವೈರ್‌ಲೆಸ್ ಬೇಡ ಎಂದು ನಾನು ಮೊದಲೇ ನಿರ್ಧರಿಸಿದ್ದೆ. ಕಮ್ಮಿ ದುಡ್ಡಿನಲ್ಲಿ ಬ್ಯಾಟರಿಗೂ ರೇಡಿಯೋಗೂ ಖರ್ಚಾದರೆ ಸೆನ್ಸರಿಗೆ ಉಳಿಯುವುದೇನು? ಮೊಮ್ಮಗ ಒಂದೊಂದನ್ನೂ ಹಿಡಿದ. ಕಿರುಬೆರಳು ಮೇಜಿಗೆ ಉಜ್ಜುತ್ತದೆಯೇ, ಅಂಗೈ ಎಲ್ಲಿ ಕೂರುತ್ತದೆ ಎಂದು ನೋಡಿಕೊಂಡ. ರಪ್ಪನೆ ಪಕ್ಕಕ್ಕೆ ಎಳೆದು ಮತ್ತೆ ಅದೇ ಜಾಗಕ್ಕೆ ತಂದ. ಒಂದರ ಬಾಣ ದಿಕ್ಕು ತಪ್ಪಿ ಮೂಲೆಗೆ ಹಾರಿತು. ಇನ್ನೊಂದರದ್ದು ಹೊರಟಲ್ಲಿಗೇ ಬಂದು ನಿಂತಿತು. ಅದು ಲಾಜಿಟೆಕ್‌ನ ಜಿ102. ತೂಕ 85 ಗ್ರಾಂ, ನಾನು ತಂದದ್ದಕ್ಕಿಂತ ಹಗುರ. ಡಿಪಿಐ 8,000, ಅದೂ ಬೇಕಾದ್ದಕ್ಕಿಂತ ಜಾಸ್ತಿಯೇ. ಅಂಗಡಿಯವರು ಹೇಳಿದ ಬೆಲೆ 1,550. ಇಳಿಸಿ ಇಳಿಸಿ 1,450ಕ್ಕೆ ನಿಂತಿತು. ಇಂಥದೇ ಕಂಪನಿಯದಾಗಬೇಕು ಎಂದು ನಾನು ಹೇಳುವುದಿಲ್ಲ, ಅವನ ಕೈಗೆ ಅದು ಕೂತಿತು. ಅಡಿಗೆ ಹಾಸಲು 150 ರೂಪಾಯಿಯ ಬಟ್ಟೆಯ ಮ್ಯಾಟು. ಇದನ್ನು ದಂಡ ಅನ್ನಬೇಡಿ, ನಮ್ಮ ಹಳೇ ಮೇಜಿನ ಗೀರಿನ ಮೇಲೆ ಎಂಥ ಸೆನ್ಸರೂ ಎಡವುತ್ತದೆ. ಬಿಲ್ಲು ಕೇಳಿ ಪಡೆದು ಜೇಬಿಗಿಟ್ಟೆ. ಬಿಲ್ಲಿಲ್ಲದಿದ್ದರೆ ವಾರಂಟಿ ಕೇಳುವುದು ಕಷ್ಟ.

ಬಸ್ಸಿನಲ್ಲಿ ಪಾಸ್‌ಬುಕ್ ಬಿಚ್ಚಿದೆ. ಖಾತೆಯಲ್ಲಿದ್ದದ್ದು 1,170, ಖರ್ಚು 1,600. ಬ್ಯಾಂಕಿನಲ್ಲಿ ಕ್ಯಾಶ್ ಕಮ್ಮಿ ಬಂದರೆ ಕ್ಯಾಷಿಯರ್ ತನ್ನ ಕೈಯಿಂದ ತುಂಬಬೇಕು. ಆ 450 ನನ್ನ ತಪ್ಪು ಎಂದು ಜಮಾ ಬರೆದೆ.

"ಬಡ್ಡಿ?" ಅಂದ ನನ್ನ ಮೊಮ್ಮಗ.

ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಆರು ತಿಂಗಳಿಗೆ 9 ರೂಪಾಯಿ. ಅದನ್ನೂ ಬರೆದೆ. ಖಾತೆಯಲ್ಲಿ 29 ರೂಪಾಯಿ ಉಳಿಯಿತು.

ಮನೆಗೆ ಬಂದವನೇ ಕೂತ. ವಿಂಡೋಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಎಡ, ಬಲ ಗುಂಡಿಗಳ ಕೆಲಸ ಅದಲು ಬದಲು ಮಾಡಿದ. ನಡೆಯುವ ಕೀಲಿಗಳನ್ನು ಬಲಗೈ ಕಡೆಗೆ ತಂದುಕೊಂಡ. ಆಟದೊಳಗಿನ ಮನುಷ್ಯನನ್ನೂ ಎಡಗೈಯವನನ್ನಾಗಿ ಮಾಡಬಹುದಂತೆ, ಅದನ್ನೂ ಮಾಡಿದ. ಒಂದು ವಾರದಲ್ಲಿ ಬುರುಜು ಎದ್ದು ನಿಂತಿತು.

"ತಾತ, ನೀನೂ ಎಡಗೈ ತಾನೆ? ಹಿಡಿ" ಎಂದು ಒಂದು ಸಂಜೆ ನನ್ನನ್ನು ಕೂರಿಸಿದ. ಅರವತ್ತೈದು ವರ್ಷದಿಂದ ಬರೀ ಚೀಲ ಹಿಡಿದ ಕೈ. ಬಾಣ ಮೊದಲು ನಡುಗಿತು, ಆಮೇಲೆ ನಾನು ಹೇಳಿದ ಕಡೆ ಹೋಯಿತು. ಮೆಟ್ಟಿಲ ಪಕ್ಕ ಮೂರು ಕಲ್ಲು ಇಟ್ಟೆ. ಮೂರೂ ವಾರೆ. ಅವನು ಅವನ್ನು ಒಡೆಯದೆ ಹಾಗೇ ಬಿಟ್ಟ. "ಇದು ತಾತ ಕಟ್ಟಿದ್ದು" ಎಂದು ಅಜ್ಜಿಯನ್ನು ಕರೆದು ತೋರಿಸಿದ.

ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಚೆನ್ನಾಗಿದೆ. ಬೆಂಗಳೂರಿಗೆ ಹೋಗಿದ್ರಲ್ಲ, ಬೋನು ತಂದ್ರಾ?"